ಹಳೇ 800ರ ಡ್ರೈವರ್ ಸೀಟು ಕುಸಿದಿದೆ: ತೇಪೆ ಸಾಕಾ, ಪೂರ್ತಿ ಫೋಮ್ ಬದಲಿಸಬೇಕಾ?

ಉಣಕಲ್ 800

ನಮಸ್ಕಾರ. ಗಾಡಿ 1999ರ ಮಾರುತಿ 800. ಆರ್‌ಸಿ ರಿನ್ಯೂ ಆಗಿದೆ, ಎಂಜಿನ್ ಗಟ್ಟಿಯಾಗಿದೆ. ಮಾರುವ ವಿಚಾರ ಇಲ್ಲ. ಹಾಗಾಗಿ ‘ಹೊಸಾದು ತಗೊಳ್ರಿ’ ಅನ್ನುವ ಸಲಹೆ ಬೇಡ, ಅದನ್ನು ಮನೆಯಲ್ಲೇ ದಿನಾ ಕೇಳುತ್ತಿದ್ದೇನೆ.

ತೊಂದರೆ ಡ್ರೈವರ್ ಸೀಟಿನದು. ಬಾಗಿಲ ಕಡೆಯ ಅಂಚು ಕುಸಿದು ಹೋಗಿದೆ. ಕೂತರೆ ಮೈ ಬಲಕ್ಕೆ ವಾಲುತ್ತದೆ, ಧಾರವಾಡ ಮುಟ್ಟುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಕೆಳಗೆ ಮ್ಯಾಟ್ ಮೇಲೆ ಹಳದಿ ಪುಡಿ ಬೀಳುತ್ತದೆ. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ಸೀಟಿನ ಬಟ್ಟೆ ಮಾತ್ರ ಇನ್ನೂ ಚೆನ್ನಾಗಿದೆ, ಅಂಚಿನಲ್ಲಿ ಒಂದು ಗೇಣು ಹೊಲಿಗೆ ಬಿಚ್ಚಿದೆ.

ಒಂದು ಅಂಗಡಿಯವರು ದಪ್ಪ ಕವರ್ ಹಾಕಿದರೆ ಗೊತ್ತೇ ಆಗಲ್ಲ ಅಂದರು. ಇನ್ನೊಬ್ಬರು ಮುಂದಿನ ಎರಡೂ ಸೀಟಿನ ಫೋಮ್ ಕಿತ್ತು ಹೊಸದು ಹಾಕ್ತೀವಿ ಅಂದರು. ಇಬ್ಬರೂ ಬಾಗಿಲು ತೆಗೆದು ನೋಡಿದ್ದಷ್ಟೇ, ಸೀಟಿನ ಕೆಳಗೆ ಬಗ್ಗಿ ನೋಡಲಿಲ್ಲ. ಯಾರ ಮಾತು ಕೇಳಲಿ?

ನವನಗರ ಝೆನ್

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀರಿ ಸರ್. ಒಂದು ಒಳ್ಳೆ ಜೆಲ್ ದಿಂಬು ತಂದು ಮೇಲೆ ಹಾಕಿ. ಸುಮ್ನೆ ಕೂತರೆ ಆಯ್ತು. ನಾನು ಝೆನ್‌ಗೆ ಅದನ್ನೇ ಮಾಡಿದ್ದು.

ಹಳೇಹುಬ್ಬಳ್ಳಿ ಕುಶನ್

ದಿಂಬು ಬೇಡ ಅಣ್ಣಾರೆ. ಕಾರಣ ಹೇಳುತ್ತೇನೆ.

ಕೆಳಗಿನ ನೆಲ ಓರೆ ಇದ್ದರೆ ಮೇಲಿನ ದಿಂಬೂ ಓರೆಯೇ ಕೂರುತ್ತದೆ. ವಾಲುವುದು ಹೋಗಲ್ಲ. ಜೊತೆಗೆ ಕುಂಡಿ ಎರಡು ಇಂಚು ಮೇಲೆ ಬರುತ್ತದೆ. 800ರಲ್ಲಿ ತಲೆಗೂ ಚಾವಣಿಗೂ ಮೊದಲೇ ಜಾಗ ಕಡಿಮೆ, ತೊಡೆ ಸ್ಟೇರಿಂಗಿಗೆ ತಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕಟ್ಟದ ದಿಂಬು ಗಟ್ಟಿ ಬ್ರೇಕ್ ಹಾಕಿದಾಗ ಮುಂದೆ ಜಾರುತ್ತದೆ. ಅದರ ಜೊತೆ ನೀವೂ ಜಾರಿದರೆ ಸೊಂಟದ ಮೂಳೆ ಮೇಲೆ ಇರಬೇಕಾದ ಬೆಲ್ಟ್ ಹೊಟ್ಟೆಗೆ ಬರುತ್ತದೆ. ಅಪಘಾತ ಆದರೆ ಒಳಗಿನ ಅಂಗಕ್ಕೇ ಪೆಟ್ಟು.

ಫೋಮ್ ಮಾತು ಆಮೇಲೆ. ಮೊದಲು ಸೀಟು ಹಿಂದೆ ಸರಿಸಿ, ಮೊಬೈಲ್ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಚೌಕಟ್ಟಿನೊಳಗೆ ತಂತಿ ಇರುತ್ತದೆ. ಕೆಲವು ಗಾಡಿಯಲ್ಲಿ ಅಂಕುಡೊಂಕು ಸ್ಪ್ರಿಂಗು, ಕೆಲವದರಲ್ಲಿ ತಂತಿ ಜಾಲ, ಅದನ್ನು ಸಣ್ಣ ಸ್ಪ್ರಿಂಗುಗಳು ಸುತ್ತಲಿಂದ ಎಳೆದು ಹಿಡಿದಿರುತ್ತವೆ. ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ. ಸಡಿಲ ಇದೆಯಾ, ಕೊಂಡಿ ಬಿಟ್ಟಿದೆಯಾ, ಮುರಿದಿದೆಯಾ. ನೋಡಿ ಇಲ್ಲೇ ಬರೆಯಿರಿ. ಕೈಗವಸು ಹಾಕಿಕೊಳ್ಳಿ, ಮುರಿದ ತಂತಿ ತುದಿ ಬಲು ಚೂಪು.

ಉಣಕಲ್ 800

ನೋಡಿದೆ ಅಣ್ಣಾರೆ. ಬಲಗಡೆ ಎರಡು ಸಣ್ಣ ಸ್ಪ್ರಿಂಗ್ ಕೊಂಡಿ ಬಿಟ್ಟು ಜೋತಾಡುತ್ತಿವೆ. ಅದರ ಪಕ್ಕದ ಒಂದರ ಕೊಕ್ಕೆ ನೆಟ್ಟಗಾಗಿದೆ. ಚೌಕಟ್ಟಿನ ಒಂದು ತೂತು ಸವೆದು ಉದ್ದ ಆಗಿದೆ. ತಂತಿಯ ಒಂದು ತುದಿ ಫೋಮಿನೊಳಗೆ ಚುಚ್ಚಿಕೊಂಡಿದೆ, ಆ ಜಾಗದಿಂದಲೇ ಪುಡಿ ಉದುರುತ್ತಿರುವುದು. ಎಡಗಡೆ ಎಲ್ಲ ಸರಿ ಇದೆ.

ಹಳೇಹುಬ್ಬಳ್ಳಿ ಕುಶನ್

ಇದೇ ನೋಡಿ. ನಮ್ಮಲ್ಲಿಗೆ ಬರುವ ಹಳೇ ಗಾಡಿಗಳಲ್ಲಿ ‘ಫೋಮ್ ಹೋಗಿದೆ’ ಅಂತ ಬಂದದ್ದರಲ್ಲಿ ಬಹಳಷ್ಟು ಹೀಗೇ. ತಂತಿ ಮೊದಲು ಹೋಗುತ್ತದೆ, ಫೋಮ್ ಆಮೇಲೆ. ಬಲಗಡೆ ಯಾಕೆ ಅಂದರೆ ನಾವು ಹತ್ತಿ ಇಳಿಯುವಾಗ ಇಡೀ ಮೈಭಾರ ಒಂದು ಕ್ಷಣ ಆ ಅಂಚಿನ ಮೇಲೆ ಬೀಳುತ್ತದೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರಿ, ಇಪ್ಪತ್ತೈದು ವರ್ಷಕ್ಕೆ ಲೆಕ್ಕ ಹಾಕಿಕೊಳ್ಳಿ.

ಈ ತಂತಿ ಬಿಟ್ಟು ಮೇಲೆ ಎಂಥಾ ದುಬಾರಿ ಫೋಮ್ ಹಾಕಿದರೂ ಆರು ತಿಂಗಳಲ್ಲಿ ಅದನ್ನೂ ಕತ್ತರಿಸಿ ಹಾಕುತ್ತದೆ. ಆದ್ದರಿಂದ ಅಂಗಡಿಯವರಿಗೆ ಮೊದಲು ಕೇಳಬೇಕಾದ ಮಾತು: ಸ್ಪ್ರಿಂಗ್ ಏನು ಮಾಡ್ತೀರಿ? ‘ಅದೇನೂ ಬೇಕಾಗಲ್ಲ’ ಅಂದರೆ ನಮಸ್ಕಾರ ಹೇಳಿ ಬಂದುಬಿಡಿ.

ಸವೆದ ತೂತಿಗೆ ಪಕ್ಕದಲ್ಲಿ ಹೊಸ ತೂತು ಹೊಡೆದು ಕೊಂಡಿ ಹಾಕಬಹುದು. ಚೌಕಟ್ಟು ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಸರಿ. ಆದರೆ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಸಬೇಡಿ. ಕಾಯಿಸಿದ ಜಾಗದಲ್ಲಿ ಸ್ಪ್ರಿಂಗಿನ ಹದ ಹೋಗುತ್ತದೆ, ವೆಲ್ಡ್ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮುರಿದದ್ದು ಬದಲಿಸಲೇಬೇಕು. ಗುಜರಿ ಸೀಟಿನಿಂದ ಬಿಚ್ಚಿದ ಸ್ಪ್ರಿಂಗ್ ನಡೆಯುತ್ತದೆ, ಎಳೆದು ಬಿಟ್ಟಾಗ ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ನೋಡಿ ತಗೊಳ್ಳಿ.

ಆಮೇಲೆ ತಂತಿಗೂ ಫೋಮಿಗೂ ನಡುವೆ ಒಂದು ಪದರ ಗೋಣಿತಟ್ಟು. ಇದನ್ನು ಯಾರೂ ಮರೆಯಬಾರದು. ದಬ್ಬಣ, ಸುತಳಿ ತಗೊಂಡು ತಂತಿಗೇ ಹೊಲಿದುಬಿಡಬೇಕು. ಅಂಟಿಸಿದರೆ ಸಾಲದು, ಸರಿಯುತ್ತದೆ. ದಪ್ಪ ಕ್ಯಾನ್ವಾಸ್ ಆದರೂ ನಡೆಯುತ್ತದೆ.

ಗದಗ ಪದ್ಮಿನಿ

ಗೋಣಿತಟ್ಟು ಅಂದಿದ್ದಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮದು ಪ್ರೀಮಿಯರ್ ಪದ್ಮಿನಿ. ಮುಂದೆ ಉದ್ದ ಬೆಂಚ್ ಸೀಟು, ಸ್ಟೇರಿಂಗ್ ಪಕ್ಕದಲ್ಲಿ ಗೇರು. ಅದರ ಸೀಟು ಬಿಚ್ಚಿದರೆ ಒಳಗೆ ಬೇರೆಯೇ ಲೋಕ. ಕೆಳಗೆ ಸುರುಳಿ ಸ್ಪ್ರಿಂಗುಗಳ ಸಾಲು, ಒಂದಕ್ಕೊಂದು ತಂತಿ ಕಟ್ಟಿದ್ದು. ಅದರ ಮೇಲೆ ಗೋಣಿತಟ್ಟು. ಅದರ ಮೇಲೆ ತೆಂಗಿನ ನಾರಿನ ಹಾಸು. ಅದರ ಮೇಲೆ ತೆಳುವಾಗಿ ಹತ್ತಿ. ಕೊನೆಗೆ ರೆಕ್ಸಿನ್. ಫೋಮಿನ ಹೆಸರೇ ಇಲ್ಲ.

ಬಿಚ್ಚಿದಾಗ ತಟ್ಟು ಮುಟ್ಟಿದರೆ ಹರಿಯುವಷ್ಟು ಹಳೇದಾಗಿತ್ತು, ನಾರು ಅರ್ಧ ಪುಡಿ. ಸ್ಪ್ರಿಂಗು ಮಾತ್ರ ತುಕ್ಕು ಒರೆಸಿದರೆ ಹೊಸದರ ಹಾಗೆ ಪುಟಿಯುತ್ತಿತ್ತು. ಹೊಸ ತಟ್ಟು ಹೊಲಿಸಿದೆವು. ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಹಾಸು ಸಿಗುತ್ತದೆ, ಗಾದಿ ಮಾಡುವವರ ಹತ್ತಿರ. ಅದನ್ನು ಅಳತೆಗೆ ಕತ್ತರಿಸಿ ಕೂರಿಸಿದೆವು. ಮೇಲೆ ಒಂದು ಇಂಚು ಫೋಮ್, ಅದರ ಮೇಲೆ ಕೋರಾ ಬಟ್ಟೆ, ಆಮೇಲೆ ರೆಕ್ಸಿನ್.

ಈ ನಾರಿನ ಹಾಸಿನ ಗುಣ ಏನೆಂದರೆ ಗಾಳಿ ಆಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಮುಳಗುಂದ ಕಡೆಗೆ ಹೋಗಿ ಬಂದರೂ ಬೆನ್ನು ಒದ್ದೆ ಆಗಲ್ಲ. ಈಗಿನ ಗಾಡಿ ಸೀಟಿನಲ್ಲಿ ಅರ್ಧ ಗಂಟೆ ಕೂತು ನೋಡಿ, ಗೊತ್ತಾಗುತ್ತದೆ. ನನ್ನ ಕೇಳಿದರೆ 800ಕ್ಕೂ ನಾರೇ ಹಾಕಿಸಿ ಅಂತೀನಿ.

ಹಳೇಹುಬ್ಬಳ್ಳಿ ಕುಶನ್

ಕಾಕಾ, ನಿಮ್ಮ ಪದ್ಮಿನಿಗೆ ಅದೇ ಸರಿ. 800ಕ್ಕೆ ಬೇಡ. ಪದ್ಮಿನಿಯಲ್ಲಿ ಪುಟಿಯುವ ಕೆಲಸ ಸ್ಪ್ರಿಂಗ್ ಮಾಡುತ್ತದೆ, ನಾರು ಭಾರ ಹರಡುವುದಷ್ಟೇ. 800ರಲ್ಲಿ ಪುಟಿಯುವ ಕೆಲಸದ ಮುಕ್ಕಾಲು ಪಾಲು ಫೋಮಿನದು. ಆ ತೆಳು ಸೀಟಿಗೆ ನಾರು ತುಂಬಿದರೆ ಹಲಗೆ ಮೇಲೆ ಕೂತಂತಾಗುತ್ತದೆ.

ಹಾವೇರಿ ಅಂಬಾಸಿಡರ್

ಹತ್ತಿಯನ್ನು ಯಾರೂ ಕೇಳುವವರೇ ಇಲ್ಲವಲ್ಲ! ನಮ್ಮ ಅಂಬಾಸಿಡರ್ ಹಿಂದಿನ ಸೀಟಿಗೆ ಮೊದಲಿಂದ ಹತ್ತಿಯೇ. ಪಿಂಜಿಸಿ ತುಂಬಿಸುತ್ತೇವೆ. ಹತ್ತಿ ಬೆಳೆಯುವ ಸೀಮೆಯಲ್ಲಿ ಕೂತು ಕೆಮಿಕಲ್ ಫೋಮಿಗೆ ದುಡ್ಡು ಸುರಿಯುವುದು ಯಾಕೆ? ಅದೂ ಉದ್ದ ಎಳೆಯ ಹೈಬ್ರಿಡ್ ಹತ್ತಿ ಅಲ್ಲ, ಜಯಧರದಂಥ ಗಿಡ್ಡ ಎಳೆಯ ಜವಾರಿ ಹತ್ತಿ ಇರಬೇಕು. ಅದು ಬೇಗ ಒತ್ತಿಕೊಳ್ಳುವುದಿಲ್ಲ. ಬೂರಲ ಹತ್ತಿ ಮಾತ್ರ ಯಾರೂ ಹಾಕಿಸಬೇಡಿ, ಅದು ತಲೆದಿಂಬಿಗೆ ಸರಿ.

ನವನಗರ ಝೆನ್

ಮಳೆಗಾಲದಲ್ಲಿ ಏನು ಮಾಡ್ತೀರಿ? ಗಂಟು ಕಟ್ಟಲ್ವಾ?

ಹಾವೇರಿ ಅಂಬಾಸಿಡರ್

ಕಟ್ಟುತ್ತದೆ. ಅದಕ್ಕೇ ದೀಪಾವಳಿ ಹೊತ್ತಿಗೆ ತೆಗೆದು ಮತ್ತೆ ಪಿಂಜಿಸುವುದು.

ಹಳೇಹುಬ್ಬಳ್ಳಿ ಕುಶನ್

ಹಿಂದಿನ ಸೀಟು, ಅದೂ ಅಂಬಾಸಿಡರ್‌ನಷ್ಟು ಅಗಲ, ಕೆಳಗೆ ಸ್ಪ್ರಿಂಗು. ಅಲ್ಲಿ ನಡೆಯುತ್ತದೆ. ಡ್ರೈವರ್ ಸೀಟಿನ ಅಂಚಿಗೆ ಹತ್ತಿ ತುಂಬಿದರೆ ಒಂದು ತಿಂಗಳೂ ನಿಲ್ಲಲ್ಲ ಅಣ್ಣಾರೆ. ಅಂಚು ಅಂದರೆ ಆಕಾರ. ಹತ್ತಿ ಆಕಾರ ಹಿಡಿಯಲ್ಲ.

ಸಪ್ತಾಪುರ

ಫೋಮ್ ಯಾಕೆ ಪುಡಿಯಾಗುತ್ತದೆ ಅನ್ನುವುದರ ಬಗ್ಗೆ ಸ್ವಲ್ಪ ಬರೆಯುತ್ತೇನೆ. ನಾನು ರಸಾಯನಶಾಸ್ತ್ರ ಕಲಿಸುವವಳು, ಕುಶನ್ ಕೆಲಸ ಗೊತ್ತಿಲ್ಲ.

ಗಾಡಿ ಸೀಟಿನ ಫೋಮ್ ಪಾಲಿಯುರೆಥೇನ್. ಈ ವಸ್ತುವಿನ ರಸಾಯನ ಶುರುವಾದದ್ದು 1937ರಲ್ಲಿ, ಜರ್ಮನಿಯಲ್ಲಿ ಒಟ್ಟೊ ಬೇಯರ್ ಅವರ ತಂಡದಿಂದ. ಮೆತ್ತನೆಯ ಫೋಮಾಗಿ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಒಳಗೆ ಒಂದಕ್ಕೊಂದು ತೆರೆದ ಸಣ್ಣ ಸಣ್ಣ ಕೋಣೆಗಳು. ಕೂತಾಗ ಗಾಳಿ ಹೊರಗೆ ಹೋಗುತ್ತದೆ, ಎದ್ದಾಗ ಒಳಗೆ ಬರುತ್ತದೆ. ಗಾಳಿಯ ಜೊತೆ ತೇವ, ಬೆವರು, ದೂಳು ಎಲ್ಲ ಹೋಗುತ್ತವೆ. ಬಿಸಿಲು, ಆಮ್ಲಜನಕ, ತೇವ ಸೇರಿ ಆ ಕೋಣೆಗಳ ತೆಳು ಎಳೆಗಳನ್ನು ವರ್ಷಗಟ್ಟಲೆ ಕತ್ತರಿಸುತ್ತಾ ಬರುತ್ತವೆ. ಹಳದಿ ಬಣ್ಣ ಆ ಕೆಲಸದ ಗುರುತು. ನವಲಗುಂದ, ಗದಗ ಕಡೆ ಓಡಾಡುವ ಗಾಡಿಯಾದರೆ ಎರೆ ಮಣ್ಣಿನ ನಯ ದೂಳೂ ಸೇರಿಕೊಂಡು ಒಳಗಿಂದ ತಿಕ್ಕುತ್ತದೆ.

ಆದ್ದರಿಂದ ಎರಡು ಸ್ಥಿತಿ ಬೇರೆ ಬೇರೆ ಮಾಡಿ ನೋಡಬೇಕು. ಫೋಮ್ ಸುಮ್ನೆ ಒತ್ತಿಕೊಂಡಿದ್ದರೆ, ಎಳೆ ಇನ್ನೂ ಗಟ್ಟಿ ಇದ್ದರೆ, ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆಯ ಹಬೆ ಹಾಯಿಸಿದರೆ ಸ್ವಲ್ಪ ಮಟ್ಟಿಗೆ ಉಬ್ಬುತ್ತದೆ. ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಫೋಮಿಗೆ ಯಾವ ಹಬೆಯೂ ಜೀವ ಕೊಡಲ್ಲ. ಅಷ್ಟು ಜಾಗ ಕತ್ತರಿಸಿ ತೆಗೆಯಬೇಕು.

ಇನ್ನೊಂದು. ಅಂಗಡಿಯಲ್ಲಿ ‘40 ಡೆನ್ಸಿಟಿ, ಭಾಳ ಗಟ್ಟಿ’ ಅಂತ ಹೇಳುತ್ತಾರೆ. ಡೆನ್ಸಿಟಿ ಗಟ್ಟಿತನದ ಅಳತೆ ಅಲ್ಲ. ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ, ಅಷ್ಟೇ ಅದರ ಅರ್ಥ. ಗಟ್ಟಿತನ ಅಳೆಯುವ ರೀತಿಯೇ ಬೇರೆ. 200 ಮಿಮೀ ಅಗಲದ ಗುಂಡು ತಟ್ಟೆಯಿಂದ ಒತ್ತಿ, ದಪ್ಪದ ಶೇ 40ರಷ್ಟು ತಗ್ಗಿಸಲು ಎಷ್ಟು ಬಲ ಬೇಕು ನೋಡುತ್ತಾರೆ. 40 ಡೆನ್ಸಿಟಿಯಲ್ಲಿ ಮೆತ್ತನೆಯದೂ ಇದೆ, ಗಟ್ಟಿಯದೂ ಇದೆ. ಡೆನ್ಸಿಟಿ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬಾಳಿಕೆ ಜಾಸ್ತಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. 50 ಸೆಂಮೀ ಉದ್ದ, 50 ಸೆಂಮೀ ಅಗಲ, 5 ಸೆಂಮೀ ದಪ್ಪದ ತುಂಡು ನಿಜವಾಗಿ 40 ಡೆನ್ಸಿಟಿ ಇದ್ದರೆ ಅರ್ಧ ಕೆಜಿ ತೂಗಬೇಕು. 400 ಗ್ರಾಂ ತೂಗಿದರೆ ಅದು 32. ಅಡುಗೆಮನೆ ತಕ್ಕಡಿ ಸಾಕು.

ಉಣಕಲ್ 800

ಅಕ್ಕಾರೆ, ಇದು ಭಾರೀ ಉಪಯೋಗದ ಲೆಕ್ಕ. ಅಂಗಡಿಗೆ ತಕ್ಕಡಿ ತಗೊಂಡೇ ಹೋಗ್ತೀನಿ.

ಹಳೇಹುಬ್ಬಳ್ಳಿ ಕುಶನ್

ತಗೊಂಡು ಬನ್ನಿ, ಬೇಡ ಅನ್ನಲ್ಲ. ಆದರೆ ತೂಕ ಒಂದನ್ನೇ ನಂಬಬೇಡಿ. ಕೆಲವು ಅಗ್ಗದ ಫೋಮಿಗೆ ಸೀಮೆಸುಣ್ಣದ ಜಾತಿಯ ಪುಡಿ ಸೇರಿಸಿ ತೂಕ ಏರಿಸಿರುತ್ತಾರೆ. ತಕ್ಕಡಿಯಲ್ಲಿ 40, ಸೀಟಿನಲ್ಲಿ ಬೇಗ ಚಪ್ಪಟೆ. ಕತ್ತರಿಸಿದ ಅಂಚನ್ನು ಕಪ್ಪು ಬಟ್ಟೆ ಮೇಲೆ ತಿಕ್ಕಿ, ಬಿಳಿ ಪುಡಿ ಉದುರಿದರೆ ಬಿಟ್ಟುಬಿಡಿ. ಹೆಬ್ಬೆಟ್ಟಿನಿಂದ ಪೂರ್ತಿ ಒತ್ತಿ ಸ್ವಲ್ಪ ಹೊತ್ತು ಹಿಡಿದು ಬಿಡಿ. ಕುಳಿ ತಕ್ಷಣ ತುಂಬಬೇಕು. ಇದನ್ನು ನೀವು ಅಂಗಡಿಯಲ್ಲಿ ಮಾಡಿದರೆ ಅಂಗಡಿಯವನಿಗೆ ನೀವು ತಿಳಿದವರು ಅಂತಲೂ ಗೊತ್ತಾಗುತ್ತದೆ.

ಸಪ್ತಾಪುರ

ಸೀಮೆಸುಣ್ಣದ ವಿಷಯ ನಿಜ, ಕ್ಯಾಲ್ಸಿಯಂ ಕಾರ್ಬೊನೇಟ್. ತೂಕ, ಉಜ್ಜುವುದು, ಒತ್ತುವುದು ಮೂರೂ ಮಾಡಿ ಹಾಗಾದರೆ.

ಟೋಲ್‌ನಾಕಾ

ಚರ್ಚೆ ಓದಿ ಖುಷಿ ಆಯ್ತು. ನನಗೂ ಬೆನ್ನುನೋವು, ಗಾಡಿ ಬೇರೆ. ಎರಡೂ ಸೀಟಿನ ಫೋಮ್ ಪೂರ್ತಿ ಹೊಸದು ಹಾಕಿಸಿದೆ, ಆದರೂ ನೋವು ಹೋಗಲಿಲ್ಲ. ಹೊಸ ಸೀಟು ಚಪ್ಪಟೆ ಹಲಗೆ ಥರ ಇದೆ. ಮೊದಲಿದ್ದ ತಗ್ಗು, ಉಬ್ಬು ಯಾವುದೂ ಇಲ್ಲ.

ಹಳೇಹುಬ್ಬಳ್ಳಿ ಕುಶನ್

ಪೂರ್ತಿ ಬದಲಿಸುವುದಕ್ಕೆ ನಾನು ಅವಸರ ಮಾಡದಿರುವುದು ಇದಕ್ಕೇ. ಕಂಪನಿ ಫೋಮ್ ಅಚ್ಚಿನಲ್ಲಿ ಹೊಯ್ದದ್ದು. ತೊಡೆ ಕೆಳಗೆ ಎತ್ತರ, ಕೂರುವ ಜಾಗದಲ್ಲಿ ತಗ್ಗು, ಬದಿಯಲ್ಲಿ ಗಟ್ಟಿ, ನಡುವೆ ಮೆದು, ಎಲ್ಲ ಅದರಲ್ಲೇ ಬಂದಿರುತ್ತದೆ. ನಾವು ಅಂಗಡಿಯಲ್ಲಿ ಹಾಳೆ ಫೋಮ್ ಕತ್ತರಿಸಿ ಅದೇ ಆಕಾರ ತರಬಹುದು, ಆದರೆ ಕೈ ಬೇಕು, ಹೊತ್ತು ಬೇಕು. ಅವಸರದ ಕೆಲಸದಲ್ಲಿ ಚಪ್ಪಟೆಯೇ ಬರುವುದು. 800 ತಯಾರಿ 2014ರಲ್ಲೇ ನಿಂತಿದೆ. ನಿಮ್ಮ ಹತ್ತಿರ ಇರುವ ಅಚ್ಚಿನ ಫೋಮು ಅರ್ಧ ಹಾಳಾಗಿದ್ದರೂ ಬೆಲೆ ಇದ್ದದ್ದು. ಎಸೆಯಬೇಡಿ, ಎಸೆಯಲು ಬಿಡಬೇಡಿ.

ಟೋಲ್‌ನಾಕಾ ಅವರೇ, ನಿಮ್ಮ ಹಳೇ ಫೋಮ್ ಅಂಗಡಿಯಲ್ಲಿ ಇನ್ನೂ ಬಿದ್ದಿರಬಹುದು, ವಿಚಾರಿಸಿ. ಇಲ್ಲದಿದ್ದರೆ ಕವರ್ ಬಿಚ್ಚಿ, ಕೂರುವ ಜಾಗದಲ್ಲಿ ಚೂರಿಯಿಂದ ಬಟ್ಟಲಿನಷ್ಟು ಆಳ ಮಾಡಿಸಿ, ಅಲ್ಲಿಗೆ ಮೆದು ಫೋಮ್ ಕೂರಿಸಬೇಕು.

ಟೋಲ್‌ನಾಕಾ

ವಿಚಾರಿಸ್ತೀನಿ. ಥ್ಯಾಂಕ್ಸ್ ಅಣ್ಣಾರೆ.

ಕೇಶ್ವಾಪುರ

ಬೆನ್ನುನೋವಿನವರಿಗೆ ಒಂದು ಮಾತು. ಹಿಂದಿನ ಕಿಸೆಯಿಂದ ಪಾಕೀಟು ತೆಗೆದು ಕೂರಿ. ದಪ್ಪ ಪಾಕೀಟಿನ ಮೇಲೆ ಕೂತು ‘ಸೀಟು ವಾಲಿದೆ’ ಅನ್ನುವವರನ್ನು ನೋಡಿದ್ದೇನೆ.

ಉಣಕಲ್ 800

ಹ್ಹ ಹ್ಹ, ನನ್ನ ಪಾಕೀಟು ಅಷ್ಟು ದಪ್ಪ ಇದ್ದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಅಣ್ಣಾರೆ, ಹಾಗಾದರೆ ತೇಪೆ ಅಂತ ತೀರ್ಮಾನ. ಸೀಟು ಬಿಚ್ಚುವುದು, ಸ್ಪ್ರಿಂಗ್ ಹಾಕುವುದು ನಾನೇ ಮಾಡಬಲ್ಲೆ. ಅಂಚಿನ ತೇಪೆ ಹೇಗೆ ಹಾಕುವುದು ಬಿಡಿಸಿ ಹೇಳಿ. ಅಂಗಡಿ ಗುಟ್ಟು ಅನ್ನಬೇಡಿ ಮತ್ತೆ.

ಹಳೇಹುಬ್ಬಳ್ಳಿ ಕುಶನ್

ಗುಟ್ಟೇನಿಲ್ಲ, ಕೈಯಲ್ಲಿ ಇರುವುದು.

ಸೀಟು ಮುಂದೆ ಸರಿಸಿ ಹಿಂದಿನ ಬೋಲ್ಟು ಬಿಚ್ಚಿ, ಹಿಂದೆ ಸರಿಸಿ ಮುಂದಿನವು ಬಿಚ್ಚಿ. ಹಳೇ ಗಾಡಿ, ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಸರಿಯಾಗಿ ಕೂರುವ ಪಾನಾ ಹಾಕಿ, ಇಲ್ಲದಿದ್ದರೆ ಬೋಲ್ಟಿನ ತಲೆ ದುಂಡಗಾಗಿಬಿಡುತ್ತದೆ. ಕೂರುವ ಭಾಗ, ಒರಗುವ ಭಾಗ ಬೇರೆ ಮಾಡಿ. ಕವರನ್ನು ಕೆಳಗೆ ತಂತಿಯ ಸಣ್ಣ ರಿಂಗುಗಳು ಹಿಡಿದಿರುತ್ತವೆ. ಪಕ್ಕಡದಿಂದ ಬಿಡಿಸಿ. ಪ್ರತಿ ಹಂತಕ್ಕೂ ಫೋಟೋ ತೆಗೆದುಕೊಳ್ಳಿ. ಕವರಿನ ಹೊಲಿಗೆ ಸಾಲಿನೊಳಗೆ ತೆಳು ಕಂಬಿ ಇರುತ್ತದೆ, ಅದು ಯಾವ ಕಡೆಯದು ಅಂತ ಗುರುತು ಹಾಕಿಡಿ.

ಈಗ ಅಂಚು. ಪುಡಿಯಾಗುವ ಫೋಮ್ ಎಲ್ಲಿ ಮುಗಿದು ಗಟ್ಟಿ ಫೋಮ್ ಎಲ್ಲಿ ಶುರು ಅಂತ ಬೆರಳಿನಿಂದ ನೋಡಿ, ಮಾರ್ಕರ್‌ನಿಂದ ಗೆರೆ ಎಳೆಯಿರಿ. ಗೆರೆಯಿಂದ ಒಂದು ಬೆರಳು ಗಟ್ಟಿ ಕಡೆಗೆ ಹೋಗಿ ಕತ್ತರಿಸಿ. ನಾವು ಹ್ಯಾಕ್ಸಾ ಬ್ಲೇಡನ್ನು ಕಲ್ಲಿಗೆ ಮಸೆದು ಚೂರಿ ಮಾಡಿಕೊಂಡಿರುತ್ತೇವೆ. ಉದ್ದ, ತೆಳು, ಬಳುಕುವ ಚೂರಿ ಯಾವುದಾದರೂ ಸರಿ. ಒತ್ತಬಾರದು. ಒತ್ತಿದರೆ ಫೋಮ್ ಒಳಗೆ ಹೋಗಿ ಅಂಚು ಓರೆ ಬರುತ್ತದೆ. ಹಗುರವಾಗಿ ಹಿಂದೆ ಮುಂದೆ ಗರಗಸ ಎಳೆದಂತೆ ಎಳೆಯಬೇಕು. ಕತ್ತರಿಸಿದ ಮುಖ ಚಪ್ಪಟೆ ಇರಬೇಕು, ಗುಂಡಿ ಗುಂಡಿ ಇದ್ದರೆ ಅಂಟು ಹಿಡಿಯಲ್ಲ.

ಹೊಸ ತುಂಡು ಬೇಕಾದ ಅಳತೆಗಿಂತ ಎಲ್ಲಾ ಕಡೆ ಅರ್ಧ ಇಂಚು ದೊಡ್ಡದಿರಲಿ. ಅಂಚಿಗೆ ಗಟ್ಟಿ ಫೋಮ್. ಫೋಮ್ ಚೂರುಗಳನ್ನು ಒತ್ತಿ ಮಾಡಿದ ಬಣ್ಣ ಬಣ್ಣದ ‘ಒತ್ತು ಫೋಮ್’ ಸಿಗುತ್ತದಲ್ಲ, ಅದು ಅಂಚಿಗೆ ಬಲು ಚೆನ್ನ. ಆದರೆ ಕೂರುವ ಜಾಗಕ್ಕೆ ಅದು ಬೇಡ, ಬಿರುಸು.

ಅಂಟು ಎಸ್‌ಆರ್ ಜಾತಿಯದ್ದು, ಅಂದರೆ ರಬ್ಬರ್ ಅಂಟು, ನಾವು ಸೊಲ್ಯೂಷನ್ ಅನ್ನುತ್ತೇವೆ. ಬಡಿಗರು ಮರಕ್ಕೆ ಹಾಕುವ ಬಿಳಿ ಅಂಟು ಬೇಡವೇ ಬೇಡ. ಅದು ಒಣಗಿ ಗಟ್ಟಿ ಗೆರೆಯಾಗುತ್ತದೆ. ಒಬ್ಬರ ಗಾಡಿ ಹಾಗೇ ಬಂದಿತ್ತು, ಕೂತರೆ ತೊಡೆಗೆ ಕಡ್ಡಿ ಒತ್ತಿದಂತೆ. ಸೊಲ್ಯೂಷನ್ ಎರಡೂ ಮುಖಕ್ಕೆ ತೆಳುವಾಗಿ ಹಚ್ಚಿ. ಹಚ್ಚಿದ ಕೂಡಲೇ ಅಂಟಿಸಬಾರದು. ಬೆರಳು ಇಟ್ಟರೆ ಅಂಟಬೇಕು, ಎಳೆದರೆ ದಾರ ಬರಬಾರದು, ಆ ಹದಕ್ಕೆ ಕಾಯಿರಿ. ಆಮೇಲೆ ಒಂದು ಕಡೆಯಿಂದ ಕೂರಿಸುತ್ತಾ ಬನ್ನಿ. ಮುಟ್ಟಿದರೆ ಮುಗೀತು, ಸರಿಸಲು ಬರಲ್ಲ.

ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಎಡಗಡೆ ಅಂಚು ನೋಡಿಕೊಂಡು ಬಲಗಡೆ ಕೆತ್ತಿ. ಕೊನೆಗೆ ಒರಟು ಎಮರಿ ಕಾಗದದಿಂದ ತಿಕ್ಕಿದರೆ ದುಂಡಗೆ ಬರುತ್ತದೆ. ಆಮೇಲೆ ಇಡೀ ಸೀಟಿನ ಮೇಲೆ ಅರ್ಧ ಇಂಚಿನ ತೆಳು ಮೆದು ಫೋಮ್ ಹೊದಿಸಿ. ಕೂಡಿಸಿದ ಗೆರೆ ಕವರಿನ ಮೇಲೆ ಕಾಣದಿರಲು ಇದೊಂದೇ ದಾರಿ.

ಸಪ್ತಾಪುರ

ಸೊಲ್ಯೂಷನ್ ಹಚ್ಚುವಾಗ ಕಿಟಕಿ, ಬಾಗಿಲು ತೆರೆದಿಡಿ. ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಪಾಲಿಯುರೆಥೇನ್ ಅಂತೂ ಹತ್ತಿದರೆ ವಿಷದ ಹೊಗೆ. ಪಕ್ಕದಲ್ಲಿ ಊದುಬತ್ತಿ, ಬೀಡಿ, ಗ್ಯಾಸ್ ಒಲೆ ಏನೂ ಬೇಡ. ಗಾಡಿಯೊಳಗೆ ಕೂತು ಅಂಟಿಸುವ ಕೆಲಸವನ್ನಂತೂ ಮಾಡಲೇಬೇಡಿ.

ಗದಗ ಪದ್ಮಿನಿ

ಎತ್ತರ ಇನ್ನೂ ಸ್ವಲ್ಪ ಬೇಕಾದರೆ ಮೇಲೆ ತುಂಬಬೇಕೋ, ಕೆಳಗೆ ತುಂಬಬೇಕೋ?

ಹಳೇಹುಬ್ಬಳ್ಳಿ ಕುಶನ್

ಕೆಳಗೆ ಕಾಕಾ. ಅಚ್ಚಿನ ಫೋಮಿನ ಕೆಳಗೆ, ತಟ್ಟಿನ ಮೇಲೆ. ಅಲ್ಲಿ ಅರ್ಧ ಇಂಚು ಒತ್ತು ಫೋಮ್ ಕೊಟ್ಟರೆ ಇಡೀ ಸೀಟು ಮೇಲೇಳುತ್ತದೆ, ಮೇಲಿನ ಆಕಾರ ಹಾಗೇ ಇರುತ್ತದೆ. ಮೇಲೆ ತುಂಬಿದರೆ ತಗ್ಗೆಲ್ಲ ಮುಚ್ಚಿ, ಕವರ್ ಬಿಗಿಯಾಗಿ ಹೊಲಿಗೆ ಬಿಡುತ್ತದೆ.

ನವನಗರ ಝೆನ್

ಕವರ್ ಮತ್ತೆ ಹಾಕುವಾಗ ಫೋಮಿಗೆ ಸಿಕ್ಕಿ ಜಾರುವುದೇ ಇಲ್ಲ ಅಂತಾರಲ್ಲ? ಮತ್ತೆ ರೆಕ್ಸಿನ್ ಒಳ್ಳೇದಾ, ಬಟ್ಟೆ ಒಳ್ಳೇದಾ?

ಹಳೇಹುಬ್ಬಳ್ಳಿ ಕುಶನ್

ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಕವರ್ ಎಳೆಯಿರಿ, ಕವರ್ ಸರಿಯಾಗಿ ಕೂತ ಮೇಲೆ ಹಾಳೆ ಹೊರಗೆ ಎಳೆದುಬಿಡಿ. ಒಳಗೆ ಬಿಟ್ಟರೆ ಬೆವರು ನಿಲ್ಲುತ್ತದೆ, ಕೂತಾಗಲೆಲ್ಲ ಸರಸರ ಸದ್ದು. ರೆಕ್ಸಿನ್, ಬಟ್ಟೆ ನಿಮ್ಮಿಷ್ಟ. ನಮ್ಮ ಬೇಸಿಗೆಗೆ ನಡುವೆ ಬಟ್ಟೆ, ಅಂಚಿಗೆ ರೆಕ್ಸಿನ್ ಹಾಕಿಸುವವರು ಜಾಣರು. ಸವೆಯುವುದು ಅಂಚು, ಬೆವರುವುದು ನಡು.

ಕೇಶ್ವಾಪುರ

ಇದನ್ನೆಲ್ಲ ಓದಿ ಹೊಸ ಗಾಡಿಯವರು ಸೀಟು ಬಿಚ್ಚಲು ಹೊರಟಾರು, ಅದಕ್ಕೆ ಬರೆಯುತ್ತಿದ್ದೇನೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಗುರುತು ಇದ್ದರೆ, ಕೆಳಗೆ ಹಳದಿ ಪ್ಲಗ್ಗಿನ ವೈರು ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅಂಥ ಸೀಟಿಗೆ ಬದಿ ಮುಚ್ಚುವ ದಪ್ಪ ಕವರೂ ಬೇಡ, ಏರ್‌ಬ್ಯಾಗ್ ಹೊರಗೆ ಬರಲು ಅಡ್ಡ ಆಗುತ್ತದೆ. 800ಕ್ಕೆ ಈ ತಲೆನೋವಿಲ್ಲ.

ಉಣಕಲ್ 800

ಸೀಟು ಬಿಚ್ಚಿ ಹಿತ್ತಲಲ್ಲಿ ಇಟ್ಟಿದ್ದೇನೆ. ಕೆಳಗೆ ನಾಣ್ಯ, ಪೆನ್ನಿನ ಮುಚ್ಚಳ, ಧಾರವಾಡ ಫೇಡೆ ಡಬ್ಬಿಯ ರಬ್ಬರ್ ಬ್ಯಾಂಡು, ಒಂದು ಇಲಿ ಗೂಡು ಸಿಕ್ಕವು. ಇಲಿ ಫೋಮಿನ ಹಿಂದಿನ ಮೂಲೆ ಒಂದು ಮುಷ್ಟಿಯಷ್ಟು ತಿಂದಿದೆ. ಗುಜರಿಯಲ್ಲಿ ಸ್ಪ್ರಿಂಗ್ ಸಿಕ್ಕಿವೆ, ಎಳೆದು ಬಿಟ್ಟು ನೋಡಿ ತಂದೆ. ಚೌಕಟ್ಟಿನ ಅಡಿಯಲ್ಲಿ ಸ್ವಲ್ಪ ತುಕ್ಕಿದೆ, ತಿಕ್ಕಿ ರೆಡ್ ಆಕ್ಸೈಡ್ ಹಚ್ಚಿದೆ. ಫೋಮ್ ಒದ್ದೆ ವಾಸನೆ ಬರುತ್ತಿದೆ. ಬಿಸಿಲಿಗೆ ಇಡಲಾ?

ಹಳೇಹುಬ್ಬಳ್ಳಿ ಕುಶನ್

ಬಿಸಿಲಿಗೆ ಬೇಡ, ಇನ್ನಷ್ಟು ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ನಿಲ್ಲಿಸಿ, ಫ್ಯಾನ್ ಹಾಕಿ. ಒದ್ದೆ ಇರುವಾಗ ಅಂಟು ಹಿಡಿಯಲ್ಲ. ನೀರು ಎಲ್ಲಿಂದ ಬಂತು ಅದನ್ನೂ ನೋಡಿ, ಬಾಗಿಲ ರಬ್ಬರ್ ಸೋರುತ್ತಿರಬಹುದು. ಇಲಿ ತಿಂದ ಮೂಲೆಗೂ ಇದೇ ರೀತಿ ತೇಪೆ.

ಸೀಟು ಮತ್ತೆ ಕೂರಿಸುವಾಗ ಹಳಿಯ ಮೇಲಿನ ಹಳೇ ಗ್ರೀಸ್ ಒರೆಸಿ ಹೊಸದು ಹಚ್ಚಿ. ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಬಿಗಿ ಮಾಡಿ. ಎರಡೂ ಹಳಿ ಒಂದೇ ಹಲ್ಲಿಗೆ ಬಿದ್ದಿವೆಯಾ, ಹಿಂದೆ ಮುಂದೆ ಜಗ್ಗಿ ನೋಡಿ. ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ. ಕನ್ನಡಿಗಳನ್ನೂ ಹೊಸದಾಗಿ ಹೊಂದಿಸಿಕೊಳ್ಳಿ, ನೀವು ಈಗ ಮೊದಲಿಗಿಂತ ಮೇಲೆ ಕೂರುತ್ತೀರಿ.

ಹಾವೇರಿ ಅಂಬಾಸಿಡರ್

ಅಣ್ಣಾರೆ, ನಮ್ಮ ಮುಂದಿನ ಸೀಟಿಗೆ ಸುರುಳಿ ಸ್ಪ್ರಿಂಗ್ ನಾಲ್ಕೈದು ಮುರಿದಿವೆ. ಹತ್ತಿ ವಿಷಯ ಬಿಡಿ, ಅದು ನನ್ನ ಪಾಲಿಗಿರಲಿ. ಸ್ಪ್ರಿಂಗ್ ಕಟ್ಟಿಕೊಡ್ತೀರಾ? ರೇಟು ಎಷ್ಟಾಗಬಹುದು?

ಹಳೇಹುಬ್ಬಳ್ಳಿ ಕುಶನ್

ಕಟ್ಟಿಕೊಡ್ತೀವಿ. ರೇಟು ನೋಡದೇ ಹೇಳಲ್ಲ. ಯಾರೇ ಹೇಳಿದರೂ ಸ್ಪ್ರಿಂಗು ಎಷ್ಟು, ಫೋಮ್ ಯಾವುದು ಎಷ್ಟು ದಪ್ಪ, ಬಟ್ಟೆ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಬೆಂಚ್ ಸೀಟು ಬಿಚ್ಚಿ ಟೆಂಪೋದಲ್ಲಿ ಹಾಕಿ ಕಳಿಸಿದರೂ ಆಯಿತು, ಗಾಡಿ ತರಲೇಬೇಕು ಅಂತೇನಿಲ್ಲ.

ಹಾವೇರಿ ಅಂಬಾಸಿಡರ್

ಸೀಟು ಕಳಿಸಿದರೆ ನಾನು ಓಡಾಡುವುದು ಯಾವುದರ ಮೇಲೆ? ಗಾಡಿ ತಗೊಂಡೇ ಬರ್ತೀನಿ. ರವಿವಾರ ಅಂಗಡಿ ಇರ್ತದಾ?

ಹಳೇಹುಬ್ಬಳ್ಳಿ ಕುಶನ್

ರವಿವಾರ ಇಲ್ಲ. ಸೋಮವಾರ ಬೆಳಿಗ್ಗೆ ಬನ್ನಿ, ಹತ್ತಿ ನೀವೇ ತನ್ನಿ.